ನಮೂನೆಯ ಹಿಂಬದಿ

ಅಡಿಟಿಪ್ಪಣಿ ಮೇಷ್ಟ್ರು ಎಂದರೆ ಕಾನೂನು ಕಾಲೇಜಿನ ಗೋಡೆಗಳಿಗೂ ಗೊತ್ತು. ತರಗತಿಯಲ್ಲಿ ಯಾರಾದರೂ ಎದ್ದು ನಿಂತು, "ಬಡವರು ಮಕ್ಕಳನ್ನ ಸರಿಯಾಗಿ ನೋಡ್ಕೊಳ್ಳಲ್ಲ ಸಾರ್" ಎಂದರೆ ಮುಗಿಯಿತು. ಮೇಷ್ಟ್ರು ಕನ್ನಡಕವನ್ನು ಹಣೆಗೇರಿಸಿ, "ಯಾರು ಹೇಳಿದ್ದು? ಯಾವ ವರ್ಷ? ಎಷ್ಟು ಮನೆ ನೋಡಿ ಹೇಳಿದ್ದು? ಅಡಿಟಿಪ್ಪಣಿ ಎಲ್ಲಪ್ಪಾ?" ಎಂದು ಬೆನ್ನು ಬೀಳುತ್ತಿದ್ದರು. ಆ ಹುಡುಗ ಮುಂದಿನ ಮೂರು ವಾರ ಗ್ರಂಥಾಲಯದಲ್ಲಿ ಕೊಳೆಯುತ್ತಿದ್ದ. ತಮ್ಮ ಅಡ್ಡಹೆಸರು ಮೇಷ್ಟ್ರ ಕಿವಿಗೂ ಬಿದ್ದಿತ್ತು. ಬೇಸರವೇನೂ ಇರಲಿಲ್ಲ, ಒಳಗೊಳಗೆ ಹೆಮ್ಮೆಯೇ ಇತ್ತು ಎನ್ನಬೇಕು.

ಬಡತನ, ಮಕ್ಕಳು, ಕಾನೂನು, ಈ ಮೂರನ್ನೇ ಅವರು ಮೂವತ್ತು ವರ್ಷ ಹಿಡಿದು ಕೂತಿದ್ದರು. ಅವರ ದಪ್ಪ ಪುಸ್ತಕದ ವಾದವನ್ನು ಒಂದೇ ಉಸಿರಿನಲ್ಲಿ ಹೇಳಬಹುದು: ಮನೆಯಲ್ಲಿ ಇಲ್ಲದಿರುವುದು ಬೇರೆ, ಮಗುವನ್ನು ಅಲಕ್ಷಿಸುವುದು ಬೇರೆ, ಇಲ್ಲದ ಮನೆಗೆ ಸರ್ಕಾರ ಕೊಡಬೇಕೇ ಹೊರತು ಆ ಮನೆಯಿಂದ ಮಗುವನ್ನು ಎತ್ತಿಕೊಂಡು ಹೋಗಬಾರದು. ಇಷ್ಟನ್ನು ಹೇಳಲು ಅವರಿಗೆ ನಾನೂರು ಪುಟ ಮತ್ತು ಆರುನೂರ ಹನ್ನೆರಡು ಅಡಿಟಿಪ್ಪಣಿ ಬೇಕಾದವು. ಓದಿದವರು ಹೊಗಳಿದರು, ಓದದವರು ಇನ್ನೂ ಹೆಚ್ಚು ಹೊಗಳಿದರು.

ಒಂದು ಅಡಿಟಿಪ್ಪಣಿ ಮಾತ್ರ ಅದರಲ್ಲಿ ಇರಲಿಲ್ಲ. ಮೂರನೆಯ ಅಧ್ಯಾಯದಲ್ಲಿ ಮಕ್ಕಳ ಇಲಾಖೆಯ ಮನೆಭೇಟಿ ನಮೂನೆಯನ್ನು ಅವರು ಹಿಂಡಿ ಹಿಪ್ಪೆ ಮಾಡಿದ್ದರು. ಆ ಹಾಳೆಯ ಹದಿನಾಲ್ಕು ಪ್ರಶ್ನೆಗಳು ಬಡತನವನ್ನೇ ಅಪರಾಧ ಮಾಡುವುದು ಹೇಗೆ ಎಂದು ಸಾಲುಸಾಲಾಗಿ ತೋರಿಸಿದ್ದರು. ನಮೂನೆಯನ್ನು ಬರೆದವರು ಯಾರು ಎಂಬಲ್ಲಿಗೆ ಬಂದಾಗ 'ಇಲಾಖೆಯು ಸಿದ್ಧಪಡಿಸಿದ' ಎಂದು ಬರೆದು ಜಾರಿಕೊಂಡಿದ್ದರು. ಬರೆದವರು ಅವರೇ.

ಅದು ಮೂವತ್ತೊಂದು ವರ್ಷದ ಹಿಂದಿನ ಮಾತು. ಆಗ ಅವರಿಗೆ ಇಪ್ಪತ್ತೇಳು. ಹೊಸದಾಗಿ ಪಾಠಕ್ಕೆ ಸೇರಿದ ಉತ್ಸಾಹಿ. ಇಲಾಖೆಯವರು ಕರೆದು, "ಮನೆಗೆ ಹೋದಾಗ ಏನೇನು ನೋಡಬೇಕು ಅಂತ ಒಂದು ಹಾಳೆ ಮಾಡಿಕೊಡಿ" ಎಂದರು. ಮೇಷ್ಟ್ರು ಹುಟ್ಟಿದ ಮನೆಯಲ್ಲಿ ಆರು ಮಕ್ಕಳಿಗೆ ಒಂದೇ ಹಾಸಿಗೆ. ಕಿರಿಯವನಾದ್ದರಿಂದ ಅವರಿಗೆ ಸದಾ ಅಂಚು. ಅರ್ಧ ರಾತ್ರಿಗೆ ಉರುಳಿ ಬರಿ ನೆಲದ ಮೇಲೆ ಬಿದ್ದಿರುತ್ತಿದ್ದರು. ಹಾಗಾಗಿ ಏಳನೆಯ ಪ್ರಶ್ನೆಯಾಗಿ 'ಮಗುವಿಗೆ ಪ್ರತ್ಯೇಕ ಮಂಚ ಅಥವಾ ಹಾಸಿಗೆ ಇದೆಯೇ?' ಎಂದು ಬರೆದಾಗ, ಚಿಕ್ಕವನಿದ್ದ ತಮ್ಮ ಪರವಾಗಿ ಸರ್ಕಾರಕ್ಕೆ ಅರ್ಜಿ ಹಾಕಿದಷ್ಟು ಸಂತೋಷಪಟ್ಟರು.

ಹಾಳೆಗೆ ಎರಡು ಬದಿ ಇತ್ತು. ಮುಂಬದಿಯಲ್ಲಿ ಮನೆಯಲ್ಲಿ ಏನಿದೆ, ಏನಿಲ್ಲ. ಹಿಂಬದಿಯಲ್ಲಿ ಇಲ್ಲದ ಪ್ರತಿಯೊಂದಕ್ಕೂ ಇಲಾಖೆ ಏನು ಕೊಡುತ್ತದೆ, ಯಾವ ತಾರೀಕಿನೊಳಗೆ ಕೊಡುತ್ತದೆ, ಯಾರ ಸಹಿ. ಎಲ್ಲಕ್ಕಿಂತ ಕೆಳಗೆ ಒಂದು ಸಾಲು: 'ಮೇಲಿನವುಗಳನ್ನು ಒದಗಿಸುವ ಮೊದಲು ಮಗುವನ್ನು ಮನೆಯಿಂದ ಕರೆದೊಯ್ಯತಕ್ಕದ್ದಲ್ಲ.' ಇಡೀ ನಮೂನೆಯ ಜೀವ ಆ ಸಾಲಿನಲ್ಲಿತ್ತು. ಇಲಾಖೆಯಲ್ಲಿ ಅದನ್ನು ಟೈಪ್ ಮಾಡಿದ ಹುಡುಗಿ ಬೆರಳು ನಿಲ್ಲಿಸಿ, "ಸಾರ್, ಇದನ್ನ ಮೊದಲಿಗೇ ಹಾಕ್ಲಾ?" ಎಂದು ಕೇಳಿದ್ದಳು. "ಬೇಡ, ಕೊನೇಲಿರ್ಲಿ. ತೀರ್ಪಿನ ಹಾಗೆ ಗಂಭೀರವಾಗಿರುತ್ತೆ" ಎಂದರು ಇವರು. ಮುಖ್ಯವಾದದ್ದನ್ನು ಅಡಿಗೆ ಹಾಕುವ ಚಾಳಿ ಆಗಲೇ ಅಂಟಿಕೊಂಡಿತ್ತು. ಆ ಹುಡುಗಿ ಮುಂದೆ ಅವರ ಹೆಂಡತಿಯಾದಳು. ಈ ಒಂದು ವಿಷಯಕ್ಕೆ ಅವಳು ಹಂಗಿಸಿದಷ್ಟು ಇನ್ಯಾವುದಕ್ಕೂ ಹಂಗಿಸಿಲ್ಲ.

ಮೂರು ವರ್ಷದ ನಂತರ ಯಾವುದೋ ಕೆಲಸಕ್ಕೆ ಇಲಾಖೆಗೆ ಹೋದಾಗ, ನಕಲು ಯಂತ್ರದ ಪಕ್ಕದಲ್ಲಿ ನಮೂನೆಗಳ ಕಟ್ಟು ಕಂಡಿತು. ಅಭಿಮಾನದಿಂದ ಒಂದನ್ನು ಎತ್ತಿ ತಿರುಗಿಸಿದರು. ಹಿಂದೆ ಖಾಲಿ. ಇನ್ನೊಂದು ಎತ್ತಿದರು. ಅದೂ ಖಾಲಿ.

"ಎರಡನೇ ಬದಿ ಹಾಕಿದ್ರೆ ಈ ಮೆಷಿನ್ ಹಾಳೆ ಕಚ್ಕೊಳ್ಳುತ್ತೆ ಸಾರ್," ಎಂದ ಗುಮಾಸ್ತ ನಿರಾಳವಾಗಿ. "ಮೊದಲಿಂದಾನೂ ಮುಂದಿನದೊಂದೇ ತೆಗೀತಿದೀವಿ. ಹಿಂದಿನದನ್ನ ಯಾರು ಓದ್ತಾರೆ ಹೇಳಿ?"

ಅಂದು ಸಂಜೆಯೇ ಮೇಷ್ಟ್ರು ಇಲಾಖೆಯ ನಿರ್ದೇಶಕರಿಗೆ ಕಾಗದ ಬರೆದರು. ಆದರೆ ಅದೇ ವಾರ ಅವರ ಸಂಶೋಧನೆಗೆ ಹಳೆಯ ಕಡತಗಳನ್ನು ತೋರಿಸಲು ಒಪ್ಪಿಗೆ ಕೊಡುವ ಕಾಗದ ಅದೇ ನಿರ್ದೇಶಕರ ಮೇಜಿನ ಮೇಲಿತ್ತು. ಒಪ್ಪಿಗೆ ಬರಲಿ, ಆಮೇಲೆ ಕಳಿಸೋಣ ಎಂದುಕೊಂಡರು. ಒಪ್ಪಿಗೆ ಬಂತು. ಮುಂದಿನ ತಿಂಗಳು ಎಂದರು. ಆಮೇಲೆ ಮುಂದಿನ ವರ್ಷ. ಒಂದು ಹಂತ ದಾಟಿದ ಮೇಲೆ, ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದರೆ ಏನು ಹೇಳುವುದು ಎಂಬ ನಾಚಿಕೆಯೇ ದೊಡ್ಡದಾಯಿತು. ಕಾಗದ ಡ್ರಾಯರಿನಲ್ಲೇ ಉಳಿಯಿತು. ಮೇಷ್ಟ್ರು ಬೇರೆ ದಾರಿ ಹಿಡಿದರು: ಪುಸ್ತಕ ಬರೆದರು, ಭಾಷಣ ಮಾಡಿದರು, ಊರೂರು ಸುತ್ತಿ ಆ ನಮೂನೆಯನ್ನು ಬೈದರು. ಅದು ಪ್ರಾಯಶ್ಚಿತ್ತ ಎಂದು ತಮಗೆ ತಾವೇ ಹೇಳಿಕೊಂಡರು. ನಂಬಿದರೋ ಇಲ್ಲವೋ ಅವರಿಗೇ ಗೊತ್ತು.

ಇನ್ನು ಟೀ ಅಕ್ಕನ ವಿಷಯ. ಕಾಲೇಜಿನ ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಸ್ಟವ್ ಇಟ್ಟುಕೊಂಡು ಹದಿನಾರು ವರ್ಷದಿಂದ ಚಹಾ ಕಾಸುವವಳು. ಪ್ರಾಂಶುಪಾಲರಿಂದ ಹಿಡಿದು ಜವಾನನವರೆಗೆ ಎಲ್ಲರಿಗೂ ಅವಳು ಅಕ್ಕ. ಬೆಳಿಗ್ಗೆ ಹತ್ತೂವರೆಗೆ ಒಂದು, ಮಧ್ಯಾಹ್ನ ಮೂರಕ್ಕೆ ಒಂದು, ಸಕ್ಕರೆ ಇಲ್ಲದ ಲೋಟ ಮೇಷ್ಟ್ರ ಮೇಜಿನ ಮೇಲೆ ತಾನಾಗಿ ಬಂದು ಕೂರುತ್ತಿತ್ತು. "ಮಗಳು ಹೇಗಿದಾಳಮ್ಮ?" "ಚೆನ್ನಾಗಿದಾಳೆ ಮೇಷ್ಟ್ರೇ." ಹದಿನಾರು ವರ್ಷದ ಮಾತುಕತೆ ಇಷ್ಟೇ. ಬಡತನದ ಬಗ್ಗೆ ನಾನೂರು ಪುಟ ಬರೆದ ಮಹಾಶಯರು, ದಿನಕ್ಕೆರಡು ಸಲ ಎದುರಿಗೆ ಬಂದು ನಿಲ್ಲುವ ಹೆಂಗಸಿನ ಮನೆ ಎಲ್ಲಿ ಎಂದೂ ಕೇಳಿರಲಿಲ್ಲ.

ಒಂದು ಸೋಮವಾರ ಅವಳು ಲೋಟ ಇಟ್ಟು ಹೋಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಳು.

"ಮೇಷ್ಟ್ರೇ, ಒಂದು ಮಾತು ಕೇಳ್ಲಾ? ನಿಮಗೆ ಕಾನೂನು ಗೊತ್ತಲ್ಲ."

"ಹೇಳಮ್ಮ. ಕೂತ್ಕೋ."

ಕೂರಲಿಲ್ಲ. "ಗುರುವಾರ ಮಗಳ ಮನೆಗೆ ಮಕ್ಕಳ ಇಲಾಖೆಯವರು ಬರ್ತಾರಂತೆ. ಮೊಮ್ಮಗಳಿಗೆ ಐದು ತಿಂಗಳು. ತೂಕ ಸ್ವಲ್ಪ ಕಮ್ಮಿ ಬಂತು. ಆಸ್ಪತ್ರೆಯವರು ಬರೆದು ಕಳಿಸಿಬಿಟ್ಟಿದಾರೆ."

"ತೂಕ ಕಮ್ಮಿ ಆದ್ರೆ ಡಾಕ್ಟರು ನೋಡ್ಬೇಕು. ಇಲಾಖೆಗೇನು ಕೆಲಸ ಅಲ್ಲಿ?"

"ಮಗಳು ಚಿಕ್ಕೋಳಿದ್ದಾಗ ಇಲಾಖೆಯವರ ಹತ್ರ ಇದ್ದವಳಲ್ವಾ. ಅಂಥವರ ಮಗು ಅಂದ್ರೆ ಬಂದೇ ಬರ್ತಾರಂತೆ."

ಹೌದು, ಅಂಥ ನಿಯಮ ಇತ್ತು. ಐದನೆಯ ಅಧ್ಯಾಯದಲ್ಲಿ ಮೇಷ್ಟ್ರು ಅದನ್ನು ಚೆನ್ನಾಗಿ ಝಾಡಿಸಿದ್ದರು. ಆದರೆ ಈ ಅಕ್ಕನ ಮಗಳು ಇಲಾಖೆಯ ಮನೆಯಲ್ಲಿ ಇದ್ದು ಬಂದವಳು ಎಂಬುದು ಅವರಿಗೆ ಗೊತ್ತಿರಲಿಲ್ಲ. ಲೋಟವನ್ನು ಬಾಯಿಯ ಹತ್ತಿರ ತಂದವರು ಹಾಗೇ ಹಿಡಿದುಕೊಂಡರು.

"ಯಾವಾಗ?"

"ಹದಿನೆಂಟು ವರ್ಷ ಆಯ್ತು. ಅವಳಿಗಾಗ ನಾಲ್ಕು. ಅವರಪ್ಪ ತೀರಿಕೊಂಡಿದ್ದ, ನಾನು ಎರಡು ಕಡೆ ಪಾತ್ರೆ ತೊಳೀತಿದ್ದೆ. ಒಂದಿನ ಒಬ್ಬರು ಅಮ್ಮ ಬಂದು ಪ್ರಶ್ನೆ ಕೇಳಿದ್ರು. ನನಗೇನು ಗೊತ್ತು? ಕೇಳಿದ್ದಕ್ಕೆಲ್ಲ ನಿಜ ಹೇಳಿದೆ. ಮಗು ಎಲ್ಲಿ ಮಲಗುತ್ತೆ ಅಂದ್ರು. ನನ್ನ ಮಗ್ಗುಲಲ್ಲೇ ಮಲಗುತ್ತೆ ಅಂದೆ. ಹೆಮ್ಮೆಯಿಂದ ಅಂದೆ ಮೇಷ್ಟ್ರೇ. ಬಾಗಿಲಿಗೆ ಚಿಲಕ ಇದೆಯಾ ಅಂದ್ರು. ಇಲ್ಲ ಅಂದೆ. ಇಲ್ಲ ಇಲ್ಲ ಅಂತ ಗುರುತು ಹಾಕ್ಕೊಂಡ್ರು. ಒಂದು ವಾರಕ್ಕೆ ಬಂದು ಕರ್ಕೊಂಡು ಹೋದ್ರು. ಹತ್ತೊಂಬತ್ತು ತಿಂಗಳು."

ಮೇಷ್ಟ್ರು ಲೋಟವನ್ನು ಕೆಳಗಿಟ್ಟರು. ಅವಳೇ ಮುಂದುವರಿಸಿದಳು. "ಈ ಸಲ ಹಾಗಾಗಲ್ಲ ಬಿಡಿ. ಪ್ರಶ್ನೆ ಎಲ್ಲ ನನಗೆ ಬಾಯಿಪಾಠ. ನಮ್ಮ ಬೀದಿ ಹೆಂಗಸರಿಗೆಲ್ಲ ನಾನೇ ಹೇಳಿಕೊಡೋದು. ಸರಿ ಇದೆಯಾ ನೋಡಿ, ಒಪ್ಪಿಸ್ತೀನಿ."

ಕೈಕಟ್ಟಿ ನಿಂತು, ಪಾಠ ಒಪ್ಪಿಸುವ ಹುಡುಗಿಯಂತೆ ಶುರುಮಾಡಿಯೇಬಿಟ್ಟಳು. "ಒಂದು, ಮನೆಯಲ್ಲಿ ಎಷ್ಟು ಕೋಣೆಗಳಿವೆ? ಎರಡು, ಅಡುಗೆಗೆ ಪ್ರತ್ಯೇಕ ಸ್ಥಳ ಇದೆಯೇ? ಮೂರು, ಕನಿಷ್ಠ ಮೂರು ದಿನಗಳಿಗೆ ಸಾಲುವಷ್ಟು ದಿನಸಿ ಇದೆಯೇ?" ಅವಳ ಬಾಯಲ್ಲಿ 'ಕನಿಷ್ಠ', 'ಪ್ರತ್ಯೇಕ' ಎಂಬ ಪದಗಳು ಎಲ್ಲೂ ಎಡವಲಿಲ್ಲ. ಮೂವತ್ತೊಂದು ವರ್ಷದ ಹಿಂದೆ, ಒಂದೊಂದು ಪದವನ್ನೂ ತೂಗಿ ನೋಡಿ ತಾವು ಬರೆದ ವಾಕ್ಯಗಳು ಅವು. ಏಳನೆಯದು ಬಂತು. ಒಂಬತ್ತನೆಯದು, ಚಿಲಕದ್ದು, ಬಂತು. ಹದಿನಾಲ್ಕಕ್ಕೆ ನಿಂತಳು. "ಸರಿ ಇದೆಯಾ?"

"ಸರಿ ಇದೆ." ಮೇಷ್ಟ್ರು ಕನ್ನಡಕ ತೆಗೆದರು. "ಹಿಂಬದೀಲಿ?"

"ಹಿಂಬದೀಲಿ ಏನಿರುತ್ತೆ? ಬಿಳೀ ಹಾಳೆ. ಕರ್ಕೊಂಡು ಹೋಗೋ ದಿನ ಆ ಅಮ್ಮ ಅದರ ಮೇಲೇ ಮಗಳ ಬಟ್ಟೆ ಪಟ್ಟಿ ಬರ್ಕೊಂಡ್ರು. ಎರಡು ಫ್ರಾಕು, ಒಂದು ಸ್ವೆಟರು, ಒಂದು ಜೊತೆ ಚಪ್ಪಲಿ."

ಆಮೇಲೆ ಗುಟ್ಟು ಹೇಳುವವಳಂತೆ ದನಿ ತಗ್ಗಿಸಿ ಮಂಚದ ವಿಷಯ ಹೇಳಿದಳು. ಅವರ ಕಡೆ ಒಂದು ಪುಟ್ಟ ಮಂಚ ಇತ್ತಂತೆ. ಯಾರ ಮನೆಯದೂ ಅಲ್ಲ, ಎಲ್ಲರ ಮನೆಯದು. ಯಾರ ಮನೆಗೆ ಭೇಟಿ ಇದೆಯೋ ಹಿಂದಿನ ಸಂಜೆ ಅಲ್ಲಿಗೆ ಹೊರಡುತ್ತಿತ್ತು. ಜೊತೆಗೆ ತುಂಬಿದ ದಿನಸಿ ಡಬ್ಬಗಳು, ಒಂದು ದೊಡ್ಡ ಗೊಂಬೆ. "ನಮ್ಮ ಮಂಚ ನೋಡಿದಷ್ಟು ಆಫೀಸರುಗಳನ್ನ ನೀವೂ ನೋಡಿರಲ್ಲ ಮೇಷ್ಟ್ರೇ," ಎಂದು ನಕ್ಕಳು. "ಬುಧವಾರ ನಮ್ಮಲ್ಲಿಗೆ ಬರುತ್ತೆ. ನೀವೊಬ್ಬರು ಗುರುವಾರ ಬಂದು ಸುಮ್ಮನೆ ಕೂತಿರ್ತೀರಾ? ದೊಡ್ಡೋರು ಯಾರಾದ್ರೂ ಇದ್ರೆ ಅವರು ಮರ್ಯಾದೆಯಾಗಿ ಮಾತಾಡ್ತಾರೆ."

ಆಗ ಹೇಳಬೇಕಿತ್ತು. ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಮೇಷ್ಟ್ರು ತಣ್ಣಗಾದ ಚಹಾದ ಜೊತೆ ಅದನ್ನೂ ನುಂಗಿ, "ಬರ್ತೀನಮ್ಮ" ಎಂದರು. ಅವಳು ಕಣ್ಣೊರೆಸಿಕೊಂಡು, "ನಿಮ್ಮ ಉಪಕಾರ ಮರೆಯಲ್ಲ" ಎಂದು ಹೋದಳು. ಆ ಮಾತಿಗಿಂತ ಕೆನ್ನೆಗೆ ಬಾರಿಸಿದ್ದರೆ ಚೆನ್ನಾಗಿತ್ತು.

ಮನೆಗೆ ಹೋಗಿ ಹೆಂಡತಿಗೆ ಎಲ್ಲವನ್ನೂ ಹೇಳಿದರು. ಆಕೆ ಬಟ್ಟೆ ಮಡಿಸುತ್ತ ಕೇಳಿಸಿಕೊಂಡರು.

"ನಮೂನೆ ಬರೆದೋನು ನಾನೇ ಅಂತ ಹೇಳಿದ್ರಾ?"

"ಇಲ್ಲ."

"ಆ ಕಾಗದ ಡ್ರಾಯರಿಗೆ ಹೋಗಿ ಇಪ್ಪತ್ತೆಂಟು ವರ್ಷ. ಮೂರು ಸಲ ಮನೆ ಬದಲಾಯಿಸಿದೀವಿ. ಮೂರು ಸಲಾನೂ ಅದನ್ನ ಜೋಪಾನವಾಗಿ ಕಟ್ಟಿದೋಳು ನಾನು."

"ನಿನಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಬಿಸಾಕ್ತೀರೇನೋ ಅಂತ ಕಾದೆ, ಕಳಿಸ್ತೀರೇನೋ ಅಂತಾನೂ ಕಾದೆ. ನೀವು ಎರಡೂ ಮಾಡಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಎರಡೂ ಬದಿ ಟೈಪ್ ಮಾಡಿದ ಕೈ ನಂದು, ನನಗೇನು ಪಾಪ ಕಮ್ಮಿನಾ?" ಮಡಿಸಿದ ಟವೆಲನ್ನು ಬಿಚ್ಚಿ ಮತ್ತೆ ಮಡಿಸಿದರು. "ಲೋಕದವರ ತಪ್ಪಿಗೆಲ್ಲ ನಿಮ್ಮ ಪುಸ್ತಕದಲ್ಲಿ ಒಂದೊಂದು ಟಿಪ್ಪಣಿ ಇದೆ. ನಮ್ಮದಕ್ಕೆ ಮಾತ್ರ ಜಾಗ ಸಾಲಲಿಲ್ಲ."

ಮೇಷ್ಟ್ರು ಡ್ರಾಯರು ಎಳೆದರು. ಹಳದಿ ತಿರುಗಿದ ಲಕೋಟೆಯಲ್ಲಿ ಆ ಕಾಗದವಿತ್ತು. ಅದರ ಜೊತೆ ನಮೂನೆಯ ಮೂಲ ಪ್ರತಿ: ಎರಡೂ ಬದಿ, ಎರಡೂ ಬದಿಯಲ್ಲಿ ಆಗಿನ ನಿರ್ದೇಶಕರ ಸಹಿ ಮತ್ತು ಮೊಹರು. ಅದನ್ನು ಕೈಯಲ್ಲಿ ಹಿಡಿದು ಲೆಕ್ಕ ಹಾಕಿದರು. ಕಾಗದ ಬರೆದದ್ದು ಇಪ್ಪತ್ತೆಂಟು ವರ್ಷದ ಹಿಂದೆ. ಅಕ್ಕನ ಮಗಳನ್ನು ಕರೆದೊಯ್ದದ್ದು ಹದಿನೆಂಟು ವರ್ಷದ ಹಿಂದೆ. ನಡುವೆ ಹತ್ತು ವರ್ಷ. ಒಂದು ಅಂಚೆ ಚೀಟಿ ಅಂಟಿಸುವುದಕ್ಕೆ ಹತ್ತು ವರ್ಷ ಸಾಲದೇ ಹೋಯಿತಲ್ಲ ಎಂದು ಅವರಿಗೆ ತಮ್ಮ ಮೇಲೇ ಹೇಸಿಗೆಯಾಯಿತು.

ಗುರುವಾರ ಲಕೋಟೆಯನ್ನು ಕೈಚೀಲದಲ್ಲಿ ಹಾಕಿಕೊಂಡು ಹೋದರು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದೇ ಕೋಣೆ. ಹೊರಗಿನಿಂದ ಕಬ್ಬಿಣದ ಮೆಟ್ಟಿಲು, ಹತ್ತಿದರೆ ಇಡೀ ಮನೆಗೆ ಕೇಳುವಷ್ಟು ಸದ್ದು. ಒಳಗೆ ಎಲ್ಲವೂ ಅತಿಯಾಗಿ ಒಪ್ಪವಾಗಿತ್ತು. ಗೋಡೆಗೆ ಸಾಲಾಗಿ ಡಬ್ಬಗಳು. ಕಿಟಕಿಯ ಹತ್ತಿರ ಆ ಪ್ರಸಿದ್ಧ ಮಂಚ: ನೀಲಿ ಬಣ್ಣದ್ದು, ತಲೆಯ ಕಡೆ ಹಲಗೆಯ ಮೇಲೆ ಬಾತುಕೋಳಿಯ ಚಿತ್ರ, ಕೊಕ್ಕಿನ ಬಣ್ಣ ಕಿತ್ತುಹೋಗಿತ್ತು. ಮಗು ಮಾತ್ರ ಅದರಲ್ಲಿ ಮಲಗಲು ಸುತರಾಂ ಒಪ್ಪದೆ ತಾಯಿಯ ಹೆಗಲ ಮೇಲೆ ಕಣ್ಣು ಪಿಳಿಪಿಳಿ ಮಾಡುತ್ತಿತ್ತು. ಅಳಿಯ ಲಾರಿ ಓಡಿಸುವವನು, ವಾರಕ್ಕೊಂದು ದಿನ ಮನೆಗೆ ಬರುವವನು, ಅಂದು ಇರಲಿಲ್ಲ.

"ನೀವು ಕೂತ್ಕೊಳ್ಳಿ, ನಾನು ನೋಡ್ಕೋತೀನಿ," ಎಂದಳು ಮಗಳು ತಾಯಿಗೆ.

ಮೇಷ್ಟ್ರು ತಲೆಯೆತ್ತಿ ನೋಡಿದ್ದನ್ನು ಅಕ್ಕ ಗಮನಿಸಿದಳು. "ಅಲ್ಲಿಂದ ಬಂದಾಗಿಂದ ನನಗೆ ನೀವು ನೀವು ಅಂತಾಳೆ," ಎಂದು ನಗೆಯಾಡಿದಳು. "ಅಲ್ಲಿ ದೊಡ್ಡೋರಿಗೆಲ್ಲ ಹಾಗೇ ಅನ್ಬೇಕಿತ್ತಂತೆ. ನನ್ನನ್ನೇನೋ ಆಫೀಸರು ಅನ್ಕೊಂಡಿದಾಳೆ. ನಾನೂ ಬಿಟ್ಟಿದೀನಿ, ಮರ್ಯಾದೆ ಕೊಟ್ಟರೆ ಬೇಡ ಅನ್ನೋಕಾಗುತ್ತಾ?" ನಗುವಾಗ ಮಗಳ ಕಡೆ ನೋಡಲಿಲ್ಲ. ಮೇಷ್ಟ್ರಿಗೆ ನಗು ಬರಲಿಲ್ಲ.

ಕಬ್ಬಿಣದ ಮೆಟ್ಟಿಲು ಸದ್ದು ಮಾಡಿತು. ಬಂದ ಇಲಾಖೆಯ ಅಧಿಕಾರಿ ಇಪ್ಪತ್ತೈದರ ಆಸುಪಾಸಿನ ಹುಡುಗಿ. ಒಂದು ಕೈಯಲ್ಲಿ ಹೆಲ್ಮೆಟ್ಟು, ಇನ್ನೊಂದರಲ್ಲಿ ರಟ್ಟಿಗೆ ಸಿಕ್ಕಿಸಿದ ಹಾಳೆ. ಮೇಷ್ಟ್ರನ್ನು ಕಂಡು ತಡಬಡಿಸಿದಳು. "ಸಾರ್! ನೀವಿಲ್ಲಿ? ನಿಮ್ಮ ಪುಸ್ತಕಾನ ನಾನು ಪರೀಕ್ಷೆಗೆ ಓದಿದ್ದೆ. ಮೂರನೇ ಅಧ್ಯಾಯ ತುಂಬಾ ಚೆನ್ನಾಗಿದೆ ಸಾರ್." ಹೀಗೆಂದವಳೇ ಆ ಅಧ್ಯಾಯ ಬೈದ ನಮೂನೆಯನ್ನು ಮೊಣಕಾಲ ಮೇಲಿಟ್ಟುಕೊಂಡು ಒಂದನೆಯ ಪ್ರಶ್ನೆ ಓದಿದಳು. ಅವಳದೂ ತಪ್ಪಲ್ಲ, ಹೊಟ್ಟೆಪಾಡು.

ಆರರವರೆಗೆ ಎಲ್ಲ ಸಲೀಸಾಗಿ ನಡೆಯಿತು. ಅಕ್ಕ ಒಂದೊಂದಕ್ಕೂ ಥಟ್ಟನೆ ಉತ್ತರ ಕೊಟ್ಟಳು. ಏಳಕ್ಕೆ ಬಂದಾಗ ಗೆದ್ದವಳಂತೆ ಕಿಟಕಿಯ ಕಡೆ ಕೈ ತೋರಿಸಿದಳು. ಹುಡುಗಿ ಮಂಚದ ಹತ್ತಿರ ಹೋಗಿ ಬಗ್ಗಿದಳು. ಬಾತುಕೋಳಿಯ ಕೊಕ್ಕಿನ ಮೇಲೆ ಬೆರಳಾಡಿಸಿದಳು.

"ಇದನ್ನ ನಾನು ನೋಡಿದೀನಿ," ಎಂದಳು. "ಹೋದ ತಿಂಗಳು, ಹಿಂದಿನ ಬೀದೀಲಿ. ಅದರ ಹಿಂದಿನ ತಿಂಗಳು ಆ ಮೂಲೆ ಮನೇಲಿ."

ಅಕ್ಕ ತೋರಿಸುತ್ತಿದ್ದ ಕೈಯನ್ನು ಕೆಳಗಿಳಿಸಿದಳು.

"ನಿಮ್ಮದಲ್ಲ ಅಲ್ವಾ ಇದು? ಡಬ್ಬಗಳೂ ನಿಮ್ಮದಲ್ಲ." ಅವಳ ಮುಖದಲ್ಲಿ ಸಿಟ್ಟಿಗಿಂತ ಪೇಚಾಟ ಹೆಚ್ಚಿತ್ತು. "ಮಂಚ ಇಲ್ಲ ಅಂತ ಬರೆದ್ರೆ ಒಂದು ಥರ. ಇದು ಸುಳ್ಳು ಮಾಹಿತಿ. ನಾನು ಬರೀಲೇಬೇಕು. ಮೇಲಿನವರು ನಿರ್ಧಾರ ಮಾಡೋವರೆಗೆ ಮಗೂನ ನಮ್ಮ ಕಡೆ ಇಟ್ಕೋಬೇಕು ಅಂತ ಇದೆ."

ಅಕ್ಕ ಗೋಡೆ ಹಿಡಿದುಕೊಂಡಳು. ಹದಿನೆಂಟು ವರ್ಷ ಬಾಯಿಪಾಠ ಮಾಡಿದ್ದೆಲ್ಲ ಒಂದು ಕ್ಷಣದಲ್ಲಿ ನೀರುಪಾಲಾಗಿತ್ತು. ಮಗಳು ಮಾತ್ರ ಅಳಲಿಲ್ಲ, ಕೂಗಲಿಲ್ಲ. ಮಗುವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡು, ಬಹಳ ವಿನಯದಿಂದ ಕೇಳಿದಳು:

"ಬಟ್ಟೆ ತೆಗೆದಿಡ್ಲಾ ಮೇಡಂ?"

ಮೇಷ್ಟ್ರಿಗೆ ಅದನ್ನು ತಡೆಯಲಾಗಲಿಲ್ಲ. ಯಾವ ಪುಸ್ತಕದಲ್ಲೂ, ಯಾವ ಸಾಕ್ಷಿಯ ಬಾಯಲ್ಲೂ ಅಂಥ ಮಾತನ್ನು ಅವರು ಕೇಳಿರಲಿಲ್ಲ. ಇಷ್ಟು ಸುಲಭವಾಗಿ ಒಪ್ಪಿಸಿಬಿಡುವುದನ್ನು ಅಕ್ಕನ ಮಗಳು ನಾಲ್ಕನೆಯ ವಯಸ್ಸಿನಲ್ಲಿ ಕಲಿತಿದ್ದಳು. ಕಲಿಸಿದ್ದು ತಾವು. ಕುರ್ಚಿಯಿಂದ ಎದ್ದರು.

"ಏನೂ ತೆಗೆದಿಡಬೇಡಮ್ಮ." ಅಧಿಕಾರಿಯ ಕಡೆ ತಿರುಗಿದರು. "ಆ ಹಾಳೆ ತಿರುಗಿಸು."

"ಸಾರ್?"

"ಹಿಂಬದಿ ನೋಡು."

ತಿರುಗಿಸಿದಳು. "ಏನೂ ಇಲ್ಲ ಸಾರ್."

"ಇರಬೇಕಾಗಿತ್ತು. ಅಲ್ಲಿ ಏನಿರಬೇಕಿತ್ತು ಅಂತ ನನಗೆ ಗೊತ್ತು. ಈ ನಮೂನೆ ಬರೆದೋನು ನಾನು."

ಕೈಚೀಲದಿಂದ ಲಕೋಟೆ ತೆಗೆದು ಮೂಲ ಪ್ರತಿಯನ್ನು ಅವಳ ಮುಂದೆ ಹಿಡಿದರು. ಅವಳು ಮುಂಬದಿ ಓದಿದಳು, ಹಿಂಬದಿ ಓದಿದಳು, ಮೊಹರನ್ನು ಬೆಳಕಿಗೆ ಹಿಡಿದು ನೋಡಿದಳು. ಕೊನೆಯ ಸಾಲನ್ನು ಎರಡು ಸಲ ಓದಿದಳೆಂದು ಕಾಣುತ್ತದೆ, ತುಟಿ ಎರಡು ಸಲ ಆಡಿತು.

"ಮಂಜೂರಾಗಿರೋದು ಎರಡೂ ಬದಿ," ಎಂದರು ಮೇಷ್ಟ್ರು. "ಇವತ್ತಿನವರೆಗೂ ಅದನ್ನ ಯಾರೂ ರದ್ದು ಮಾಡಿಲ್ಲ. ಮೆಷಿನ್ ಹಾಳೆ ಕಚ್ಚುತ್ತೆ ಅಂತ ಅರ್ಧ ಬಿಟ್ಟರು. ಕೊಡಬೇಕಾದ್ದನ್ನ ಕೊಡದೆ ಈ ಮಗೂನ ಕರ್ಕೊಂಡು ಹೋದ್ರೆ ಅದು ಕಾನೂನಿಗೆ ವಿರುದ್ಧ."

"ಹಾಗಾದ್ರೆ ಇಷ್ಟು ವರ್ಷ ಕರ್ಕೊಂಡು ಹೋಗಿದ್ದು?"

"ಕೊಡದೆ ಕರ್ಕೊಂಡು ಹೋಗಿದ್ದೆಲ್ಲವೂ."

ಹುಡುಗಿ ಬೆಪ್ಪಾಗಿ ಕೂತಳು. ಆಮೇಲೆ, ಅವಳ ಹೊಟ್ಟೆ ತಣ್ಣಗಿರಲಿ, ರಟ್ಟಿನ ಮೇಲೆ ನಮೂನೆಯನ್ನು ಬೋರಲು ಹಾಕಿ ಪೆನ್ನು ತೆಗೆದಳು. ಉಳಿದ ಪ್ರಶ್ನೆಗಳನ್ನೂ ಕೇಳಿ ಮುಗಿಸಿ, ಮೂಲ ಪ್ರತಿ ನೋಡಿಕೊಂಡು ಖಾಲಿ ಬದಿಯ ಮೇಲೆ ಗೆರೆ ಎಳೆದಳು. ಮಗುವಿಗೆ ಮಂಚ, ಒಂದು. ಬಾಗಿಲಿಗೆ ಚಿಲಕ, ಒಂದು. ತೂಕದ ಬಗ್ಗೆ ವೈದ್ಯರಿಂದ ಮನೆಯಲ್ಲೇ ತಪಾಸಣೆ, ಪೌಷ್ಟಿಕ ಆಹಾರ. ಹದಿನೈದು ದಿನದೊಳಗೆ. ಕೆಳಗೆ ಸಹಿ ಹಾಕಿ, ಕೆಲಸ ಹೋದರೆ ಹೋಗಲಿ ಎಂಬಂತೆ ಪೆನ್ನಿನ ಮುಚ್ಚಳ ಒತ್ತಿದಳು. "ನಾನು ಮಂಚದ ಬಗ್ಗೆ 'ಸ್ವಂತದ್ದಲ್ಲ' ಅಂತಷ್ಟೇ ಬರೀತೀನಿ," ಎಂದಳು ಅಕ್ಕನಿಗೆ. ಮೂಲ ಪ್ರತಿಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಂಡು ಇಳಿದು ಹೋದಳು.

ಮೆಟ್ಟಿಲ ಸದ್ದು ನಿಂತಿತು. ಮಗಳು ಮಗುವನ್ನು ಎತ್ತಿಕೊಂಡೇ ನೆಲದ ಮೇಲೆ ಕುಸಿದು ಕೂತಳು. ಅಕ್ಕ ಮೇಷ್ಟ್ರನ್ನೇ ನೋಡುತ್ತಿದ್ದಳು.

"ಮುಂಬದಿ ಪ್ರಶ್ನೆಗಳೂ ನೀವೇ ಬರೆದದ್ದಾ?"

"ಹೌದು."

"ಮಗು ಎಲ್ಲಿ ಮಲಗುತ್ತೆ ಅನ್ನೋದೂ?"

"ಹೌದು."

ಅವಳು ತಲೆಯಾಡಿಸಿದಳು. "ಹಿಂಬದಿ ಇದ್ದಿದ್ರೆ ಅವತ್ತು ನಮಗೆ ಏನು ಬರ್ತಿತ್ತು?"

"ಒಂದು ಮಂಚ. ಬಾಗಿಲಿಗೆ ಒಂದು ಚಿಲಕ."

"ಅಷ್ಟೇನಾ?"

"ಅಷ್ಟೇ."

ಅಕ್ಕ ಬಾಗಿಲ ಕಡೆ ನೋಡಿದಳು. "ಹಿಂಬದಿ ಬಿಟ್ಟುಹೋಗಿದೆ ಅಂತ ನಿಮಗೆ ಯಾವಾಗ ಗೊತ್ತಾಯ್ತು?"

ಈಗಲೂ ಜಾರಿಕೊಳ್ಳಬಹುದಿತ್ತು. ಮೊನ್ನೆ ಎಂದರೂ ನಂಬುತ್ತಿದ್ದಳು, ಪಾಪ. ಮೇಷ್ಟ್ರು ನೆಲದ ಮೇಲೆ ಕೂತವಳನ್ನು ತೋರಿಸಿ, "ಇವಳು ಹುಟ್ಟೋಕೆ ಆರು ವರ್ಷ ಮುಂಚೆ," ಎಂದರು. ಡ್ರಾಯರಿನ ಕಾಗದದ ಕಥೆಯನ್ನೂ ಹೇಳಿದರು, ಒಂದನ್ನೂ ಮುಚ್ಚಿಡಲಿಲ್ಲ. "ನನ್ನನ್ನ ಕ್ಷಮಿಸಿ. ನೀವು ಏನು ಬೇಕಾದ್ರೂ..."

ಅವಳು ಕೈ ಎತ್ತಿ ತಡೆದಳು. "ಈಗ ನಿಮ್ಮನ್ನ ನಾನು ಸಮಾಧಾನ ಮಾಡ್ಬೇಕಾ ಮೇಷ್ಟ್ರೇ? ನನ್ನ ಕೈಲಾಗಲ್ಲ. ಇವತ್ತು ಮಗು ಉಳೀತು, ಅದಕ್ಕೆ ಋಣ ಇದೆ. ಅವತ್ತಿನದು ಬೇರೆ. ನೀವೀಗ ಹೋಗಿ."

ಮೇಷ್ಟ್ರು ಹೋದರು.

ಮರುದಿನ ಹತ್ತೂವರೆ ಆಯಿತು, ಹನ್ನೊಂದಾಯಿತು, ಮೇಜಿನ ಮೇಲೆ ಲೋಟ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೇಷ್ಟ್ರು ಕೇಳಿ ಕಳಿಸಲಿಲ್ಲ. ಕೇಳುವ ಮುಖ ಎಲ್ಲಿತ್ತು? ಬಾಗಿಲು ಹಾಕಿಕೊಂಡು ಬರೆಯುತ್ತ ಕೂತರು. ಇಲಾಖೆಗೆ, ನ್ಯಾಯಾಲಯಕ್ಕೆ, ಪತ್ರಿಕೆಗೆ, ಮೂರಕ್ಕೂ ಒಂದೇ ಹೇಳಿಕೆ. ಮೂವತ್ತು ವರ್ಷ ಕಟ್ಟಿದ ಹೆಸರು ಮಣ್ಣುಪಾಲಾಗುತ್ತದೆ ಎಂದು ಗೊತ್ತಿತ್ತು. ಎಷ್ಟು ಮಕ್ಕಳೋ, ಎಷ್ಟು ಮನೆಯೋ. ಅವರೆಲ್ಲ ಇನ್ನು ಕಡತ ಬಿಚ್ಚಿಸಿ ಕೇಳಬಹುದು. ಹೆಂಡತಿಯೇ ಟೈಪ್ ಮಾಡಿಕೊಟ್ಟರು. ಈ ಸಲ ಏನೂ ಕೇಳಲಿಲ್ಲ.

ನಾಲ್ಕನೆಯ ದಿನ ಕರಡು ಹಿಡಿದುಕೊಂಡು ಮೆಟ್ಟಿಲಿಳಿದು, ಹುಡುಗರ ಸಾಲಿನಲ್ಲಿ ತಾವೂ ನಿಂತರು. ಹುಡುಗರು ದಾರಿ ಬಿಡಲು ಹೋದರು, ಬೇಡವೆಂದರು. ಸರದಿ ಬಂದಾಗ ಅಕ್ಕ ಎಲ್ಲರಿಗೂ ಕೊಟ್ಟಂತೆ ಒಂದು ಲೋಟ ಕೊಟ್ಟಳು. ಸಕ್ಕರೆ ಹಾಕಿತ್ತು.

"ಎಲ್ಲಾ ಬರೆದಿದೀನಿ," ಎಂದರು ಮೇಷ್ಟ್ರು. "ನಿಮ್ಮ ಮಗಳ ವಿಷಯ ಅದರಲ್ಲಿ ಹಾಕಬಹುದಾ ಅಂತ ಕೇಳೋಕೆ ಬಂದೆ. ಬೇಡ ಅಂದ್ರೆ ತೆಗೀತೀನಿ."

"ಎಲ್ಲಿ ಹಾಕಿದೀರಿ?"

ಮೇಷ್ಟ್ರು ಹಾಳೆ ತೋರಿಸಿದರು. ಎರಡನೆಯ ಪುಟದ ಕೆಳಗೆ, ಸಣ್ಣ ಅಕ್ಷರದಲ್ಲಿತ್ತು. ಅಭ್ಯಾಸಬಲ.

ಅಕ್ಕ ಸ್ಟವ್ ಸಣ್ಣದು ಮಾಡಿದಳು. "ಅಡೀಲಿ ಬೇಡ. ಅಡೀಲಿ ಹಾಕಿದ್ದನ್ನ ಯಾರು ಓದ್ತಾರೆ? ಮೇಲೆ ಬರೀರಿ, ಮೊದಲನೇ ಸಾಲಲ್ಲಿ. ಬರೆದು ಓದಿ, ನಾನು ಕೇಳ್ಬೇಕು."

ಮೇಷ್ಟ್ರು ಅಲ್ಲೇ ಮೆಟ್ಟಿಲ ಮೇಲೆ ಕೂತು, ಮೊಣಕಾಲ ಮೇಲೆ ಹಾಳೆ ಇಟ್ಟುಕೊಂಡು ಬರೆದರು. ಬರೆದದ್ದನ್ನು ಗಟ್ಟಿಯಾಗಿ ಓದಿದರು: "ಒಂದು ಮಂಚ ಮತ್ತು ಒಂದು ಚಿಲಕ ಇಲ್ಲವೆಂಬ ಕಾರಣಕ್ಕೆ, ನಾನು ಬರೆದ ನಮೂನೆಯಿಂದಾಗಿ, ನಾನು ಗೊತ್ತಿದ್ದೂ ಸುಮ್ಮನಿದ್ದುದರಿಂದಾಗಿ, ನಾಲ್ಕು ವರ್ಷದ ಮಗುವನ್ನು ತಾಯಿಯಿಂದ ಹತ್ತೊಂಬತ್ತು ತಿಂಗಳು ದೂರ ಇಡಲಾಯಿತು."

"ಹತ್ತೊಂಬತ್ತು ತಿಂಗಳು ಆರು ದಿನ," ಎಂದಳು ಅಕ್ಕ, ಮುಂದಿನವನಿಗೆ ಲೋಟ ತುಂಬಿಸುತ್ತ.

ಮೇಷ್ಟ್ರು ಆರು ದಿನವನ್ನು ಸೇರಿಸಿದರು.